ಉಳಿದ ಅಕ್ಷರ, ಅಳಿದ ಅಕ್ಷರ: ಹೀಬ್ರೂವಿನ ಅಯಿನ್ ಮತ್ತು ಕನ್ನಡದ ೞ

ಕಳೆದ ವರ್ಷ ಒಂದು ಶನಿವಾರ, ಕನ್ನಡ ತರಗತಿ ಮುಗಿಸಿ ಕಾರು ಹತ್ತಿದ ನನ್ನ ಎಂಟು ವರ್ಷದ ಮೊಮ್ಮಗಳು ಕೇಳಿದಳು: "ತಾತಾ, ಬೇಸಿಗೆ ರಜಕ್ಕೆ ನಿಮ್ಮ ಹಲ್ಲಿಗೆ ಹೋಗೋಣ್ವಾ?"

ಮುಂದಿನ ಸೀಟಿನಲ್ಲಿದ್ದ ನನ್ನಾಕೆ ನಕ್ಕುಬಿಟ್ಟಳು. "ತಾತನ ಹಲ್ಲಿಗೆ ಹೋಗ್ಬೇಕಾದ್ರೆ ಡೆಂಟಿಸ್ಟೇ ಆಗ್ಬೇಕು ಕಣೇ. ಹಳ್ಳಿ ಅನ್ನು, ಹಳ್ಳಿ."

"ಅದೇ ಅಂದೆ ಅಜ್ಜಿ. ಹಲ್ಲಿ."

ಮನೆ ತಲುಪುವವರೆಗೂ ಹತ್ತು ಸಲ ಹೇಳಿಸಿದೆ. ಕೊನೆಗೆ ಅವಳು ಬೇಸತ್ತು, "ನಂಗೆ ಎರಡೂ ಒಂದೇ ಥರ ಕೇಳ್ಸುತ್ತೆ ತಾತಾ" ಎಂದಳು. ಆ ಮಾತು ನನ್ನನ್ನು ತಟ್ಟಿತು. ನಾಲಿಗೆ ಹೊರಳದಿರುವುದು ಬೇರೆ, ಕಿವಿಗೇ ಕೇಳಿಸದಿರುವುದು ಬೇರೆ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಸಂಶೋಧನೆಯೊಂದು ವೈದ್ಯರಿಗೂ ಪರಿಚಿತ. ಇಂಗ್ಲಿಷ್ ಮನೆಗಳಲ್ಲಿ ಹುಟ್ಟಿದ ಆರೆಂಟು ತಿಂಗಳ ಕೂಸುಗಳು ಹಿಂದಿಯ ತ-ಟ ಭೇದವನ್ನು ಗುರುತಿಸುತ್ತಿದ್ದವು. ಹತ್ತು ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ತೀರಾ ಕುಗ್ಗಿರುತ್ತಿತ್ತು. ಸುತ್ತಲಿನ ಮಾತಿನಲ್ಲಿ ಬೇಕಿಲ್ಲದ ಭೇದವನ್ನು ಮಗುವಿನ ಮೆದುಳು ಕೈಬಿಡುತ್ತದೆ. ಇದರಲ್ಲಿ ನನ್ನ ಮೊಮ್ಮಗಳ ತಪ್ಪೇನೂ ಇಲ್ಲ.

ಆ ರಾತ್ರಿ ನನಗೆ ಇಬ್ಬರು ನೆನಪಾದರು. ಒಬ್ಬರು ನನ್ನ ತಂದೆ, ಇನ್ನೊಬ್ಬರು ಇಲ್ಲಿನ ನನ್ನ ಹಿರಿಯ ಸಹೋದ್ಯೋಗಿ. ಇಬ್ಬರೂ ಬೇರೆ ಬೇರೆ ಕಾಲದಲ್ಲಿ ನನಗೆ ಒಂದೊಂದು ಅಕ್ಷರದ ಬಗ್ಗೆ ಹೇಳಲು ಬಂದಿದ್ದರು. ನಾನು ಭಾಷಾವಿಜ್ಞಾನಿಯಲ್ಲ, ನಿವೃತ್ತ ವೈದ್ಯ. ಆದರೂ ಆ ಎರಡು ಅಕ್ಷರಗಳ ಚರಿತ್ರೆಯನ್ನು ಓದಿ ತಿಳಿದಷ್ಟನ್ನು ನಮ್ಮ ಸಂಘದ ಕುಟುಂಬಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಚರ್ಮವೋ, ಬೆಳಕೋ?

ನನ್ನ ಆ ಸಹೋದ್ಯೋಗಿ ಯಹೂದಿ, ಚರ್ಮರೋಗ ತಜ್ಞರು. ಒಮ್ಮೆ ಊಟದ ಬಿಡುವಿನಲ್ಲಿ ನ್ಯಾಪ್ಕಿನ್ ಮೇಲೆ ಎರಡು ಹೀಬ್ರೂ ಪದಗಳನ್ನು ಬರೆದು ತೋರಿಸಿದರು. ಎರಡನ್ನೂ ಅವರು ಓದಿದ್ದು "ಓರ್" ಎಂದೇ. "ಇದು ಬೆಳಕು, ಇದು ಚರ್ಮ. ಕಿವಿಗೆ ಒಂದೇ, ಕಣ್ಣಿಗೆ ಬೇರೆ. ಒಂದು ಆಲೆಫ್‌ನಿಂದ ಶುರುವಾಗುತ್ತದೆ, ಇನ್ನೊಂದು ಅಯಿನ್‌ನಿಂದ" ಎಂದರು.

ಅಯಿನ್ ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಲ್ಲಿ ಹದಿನಾರನೆಯದು. ಹೆಸರಿನ ಅರ್ಥವೇ ಕಣ್ಣು. ಹೀಬ್ರೂವಿಗೆ ಹತ್ತಿರದ ಫಿನೀಷಿಯನ್ ಲಿಪಿಯಲ್ಲಿ ಅದು ಕಣ್ಣಿನಂಥ ಒಂದು ವೃತ್ತ. ಆ ವೃತ್ತವನ್ನು ಗ್ರೀಕರು ತಮ್ಮ 'ಒ' ಸ್ವರಕ್ಕೆ ಬಳಸಿಕೊಂಡರು. ಅಲ್ಲಿಂದ ಅದು ರೋಮನ್ ಲಿಪಿಗೆ ಬಂದು, ಇಂದು ನಮ್ಮ ಮಕ್ಕಳು ಬರೆಯುವ ಇಂಗ್ಲಿಷ್ 'ಓ' ಆಯಿತು. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳೂ ಹೌದು. ಅಯಿನ್‌ನ ಬೆಲೆ 70.

ಅಯಿನ್‌ನ ಮೂಲ ಧ್ವನಿ ಗಂಟಲಿನ ಹಿಂಭಾಗದ್ದು. ಅಲ್ಲಿನ ಸ್ನಾಯುಗಳನ್ನು ಬಿಗಿಹಿಡಿದು ದನಿ ಹೊರಡಿಸಬೇಕು. ಅರಬ್ಬಿಯಲ್ಲಿ ಅದು ಇಂದಿಗೂ ಜೀವಂತ. ಯೆಮೆನ್ ಮೂಲದ ಯಹೂದಿಗಳ ಓದಿನಲ್ಲೂ ಉಳಿದಿದೆ. ಆದರೆ ಯುರೋಪಿನಲ್ಲಿ ನೆಲೆಸಿದ ಯಹೂದಿಗಳಲ್ಲಿ ಹೆಚ್ಚಿನವರ ಬಾಯಲ್ಲಿ ಆ ಧ್ವನಿ ಮಾಯವಾಯಿತು. ಇಂದಿನ ಇಸ್ರೇಲಿನಲ್ಲೂ ಬಹುಪಾಲು ಜನ ಆಲೆಫ್ ಮತ್ತು ಅಯಿನ್ ನಡುವೆ ವ್ಯತ್ಯಾಸ ಮಾಡುವುದಿಲ್ಲ.

ಈ ಗೊಂದಲ ಹೊಸದಲ್ಲ. ಬ್ಯಾಬಿಲೋನಿನ ತಾಲ್ಮುದ್ ಗ್ರಂಥದ ಮೆಗಿಲ್ಲಾ ಭಾಗದಲ್ಲಿ ಒಂದು ಎಚ್ಚರಿಕೆ ಇದೆ: ಬೇತ್ ಶೆಆನ್, ಹೈಫಾ ಮೊದಲಾದ ಊರಿನವರನ್ನು ಪ್ರಾರ್ಥನೆ ನಡೆಸಲು ಮುಂದೆ ನಿಲ್ಲಿಸಬಾರದು, ಏಕೆಂದರೆ ಅವರು ಆಲೆಫನ್ನು ಅಯಿನ್ ಎಂದೂ ಅಯಿನನ್ನು ಆಲೆಫ್ ಎಂದೂ ಉಚ್ಚರಿಸುತ್ತಾರೆ. ಅಂದರೆ ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆಯೇ ಆ ಧ್ವನಿ ಅಲುಗಾಡತೊಡಗಿತ್ತು.

ಆದರೂ ಬರವಣಿಗೆಯಲ್ಲಿ ಅಯಿನ್ ಅಲುಗಲಿಲ್ಲ. ತೋರಾ ಸುರುಳಿಯನ್ನು ಕೈಯಿಂದಲೇ ಪ್ರತಿ ಮಾಡಬೇಕು. ಅದರಲ್ಲಿ 3,04,805 ಅಕ್ಷರಗಳೆಂದು ಎಣಿಕೆ ಇದೆ. ಒಂದು ಅಕ್ಷರ ತಪ್ಪಿದರೂ ತಿದ್ದುವವರೆಗೆ ಆ ಸುರುಳಿ ಓದಲು ಯೋಗ್ಯವಲ್ಲ. ಆದಾಮ ಮತ್ತು ಹವ್ವರಿಗೆ ದೇವರು ಚರ್ಮದ ಉಡುಗೆ ತೊಡಿಸಿದನೆಂದು ಆದಿಕಾಂಡ ಹೇಳುತ್ತದೆ. ಎರಡನೆಯ ಶತಮಾನದ ರಬ್ಬಿ ಮೇಯಿರ್ ಅವರ ಪ್ರತಿಯಲ್ಲಿ ಆ ಪದ ಅಯಿನ್ ಬದಲು ಆಲೆಫ್‌ನಿಂದ ಇತ್ತಂತೆ. ಅಂದರೆ ಬೆಳಕಿನ ಉಡುಗೆ! ಒಂದು ಅಕ್ಷರದ ಆ ವ್ಯತ್ಯಾಸವನ್ನು ಹಿಂದಿನವರು ದಾಖಲಿಸಿಟ್ಟರು, ಇಂದಿಗೂ ಅದರ ಬಗ್ಗೆ ಚರ್ಚೆ ನಡೆಯುತ್ತದೆ.

ನಮ್ಮ ವೈದ್ಯಕೀಯದಲ್ಲೂ ಇಂಥದೊಂದು ಜೋಡಿ ಇದೆ. 'ಇಲಿಯಮ್' ಎಂದರೆ ಸಣ್ಣ ಕರುಳಿನ ಕೊನೆಯ ಭಾಗ, 'ಇಲಿಯಮ್' ಎಂದರೆ ಸೊಂಟದ ಅಗಲ ಮೂಳೆಯೂ ಹೌದು. ಇಂಗ್ಲಿಷ್ ಕಾಗುಣಿತದಲ್ಲಿ ನಡುವಿನ ಒಂದೇ ಒಂದು ಅಕ್ಷರ ಬೇರೆ, ಉಚ್ಚಾರ ಒಂದೇ. ಬಾಯಿ ಕೈಬಿಟ್ಟ ಭೇದವನ್ನು ಅಲ್ಲಿ ಬರವಣಿಗೆ ಕಾಯುತ್ತಿದೆ.

ಅಣ್ಣನ ಪೆನ್ಸಿಲ್ ಗುರುತು

ಈಗ ನಮ್ಮ ಅಕ್ಷರಕ್ಕೆ ಬರುತ್ತೇನೆ. ತಂದೆಯವರನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಹಾಸನ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಕನ್ನಡ ಪಂಡಿತರಾಗಿದ್ದರು. ನಾನು ಪಿಯುಸಿ ಸೈನ್ಸ್ ಓದುವಾಗ ಒಂದು ಸಂಜೆ ಜಗಲಿಯಲ್ಲಿ ಕೂತು ಕೇಶಿರಾಜನ 'ಶಬ್ದಮಣಿದರ್ಪಣ' ತಿರುವುತ್ತಿದ್ದವರು ನನ್ನನ್ನು ಕರೆದರು. "ಇಲ್ಲಿ ನೋಡು, ಈ ಅಕ್ಷರ ಗೊತ್ತಾ ನಿಂಗೆ?" ಎಂದು ೞ ತೋರಿಸಿದರು. ನನಗೆ ಮೆಡಿಕಲ್ ಸೀಟಿನದೇ ಚಿಂತೆ. "ಸತ್ತೋಗಿರೋ ಅಕ್ಷರ ತಗೊಂಡು ಏನ್ಮಾಡ್ತೀರಣ್ಣ?" ಎಂದುಬಿಟ್ಟೆ. ಅವರು ಏನೂ ಹೇಳಲಿಲ್ಲ. ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

ಅವರು ತೀರಿಕೊಂಡ ಮೇಲೆ ಆ ಪುಸ್ತಕವನ್ನು ನಾನೇ ಇಲ್ಲಿಗೆ ತಂದೆ. ಬಹಳ ಕಾಲ ಕಪಾಟಿನಲ್ಲೇ ಇತ್ತು. ಹಲ್ಲಿ-ಹಳ್ಳಿಯ ಆ ರಾತ್ರಿ ತೆಗೆದು ನೋಡಿದರೆ, ಒಂದು ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು: 'ಬಾಳ್ – ಕತ್ತಿ. ಬಾೞ್ – ಬದುಕು.'

ಇಂದು ನಾವು ಎರಡನ್ನೂ 'ಬಾಳು' ಎಂದೇ ಬರೆಯುತ್ತೇವೆ. ಕತ್ತಿ ಎಂಬ ಅರ್ಥ ಬಳಕೆಯಲ್ಲೇ ಮರೆಯಾಗಿದೆ. ಹಳಗನ್ನಡದಲ್ಲಿ ಇವು ಎರಡು ಬೇರೆ ಪದಗಳು, ಎರಡು ಬೇರೆ ಧ್ವನಿಗಳು. ಇಂಥ ಜೋಡಿಗಳು ಇನ್ನೂ ಇವೆ. 'ಆಳ್' ಎಂದರೆ ರಾಜ್ಯವಾಳು, 'ಆೞ್' ಎಂದರೆ ಮುಳುಗು. 'ಆಳ' ಎಂಬ ನಮ್ಮ ಪದ ಬಂದದ್ದು ಈ ಎರಡನೆಯದರಿಂದ. 'ಅಳಿ' ಎಂದರೆ ಪ್ರೀತಿ, 'ಅೞಿ' ಎಂದರೆ ನಾಶವಾಗು. 'ಪುಳಿ' ನಮ್ಮ ಹುಳಿಯಾಯಿತು, 'ಪುೞು' ನಮ್ಮ ಹುಳುವಾಯಿತು.

ಕನ್ನಡದ ೞ ಧ್ವನಿ ತಮಿಳಿನಲ್ಲೂ ಮಲಯಾಳದಲ್ಲೂ ಇಂದಿಗೂ ಇದೆ. ತಮಿಳು ಎಂಬ ಹೆಸರಿನ ಕೊನೆಯ ಅಕ್ಷರ, ಆಲಪ್ಪುೞ, ಕೋೞಿಕ್ಕೋಡ್ ಎಂಬ ಊರ ಹೆಸರುಗಳಲ್ಲಿ ಇರುವುದು ಅದೇ. ಳ ಹೇಳುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳನ್ನು ಮುಟ್ಟುತ್ತದೆ. ೞ ಹೇಳುವಾಗ ಹಾಗೆಯೇ ಮಡಚುತ್ತದೆ, ಆದರೆ ಮುಟ್ಟುವುದಿಲ್ಲ. ಅಂಗುಳಿಗೂ ನಾಲಿಗೆಗೂ ನಡುವೆ ಉಸಿರು ಹರಿಯುತ್ತಲೇ ಇರುತ್ತದೆ. ಅದಕ್ಕೇ ಅದು ಕಿವಿಗೆ ಅತ್ತ ರ ಅಲ್ಲ, ಇತ್ತ ಳ ಅಲ್ಲ ಎನ್ನಿಸುವುದು. ವ್ಯಾಕರಣದಲ್ಲಿ ಅದರ ಹೆಸರೂ ಹಾಗೆಯೇ ಇದೆ: 'ರಳ'.

ಒಂದೇ ಕೋಳಿ ದಕ್ಷಿಣ ಭಾರತದಲ್ಲಿ ಹೇಗೆಲ್ಲ ಕೂಗುತ್ತದೆ ನೋಡಿ. ತಮಿಳಿನಲ್ಲಿ ಕೋೞಿ, ಕನ್ನಡದಲ್ಲಿ ಕೋಳಿ, ತೆಲುಗಿನಲ್ಲಿ ಕೋಡಿ, ತುಳುವಿನಲ್ಲಿ ಕೋರಿ. ನಮ್ಮ ಪಿಕ್ನಿಕ್ಕಿನಲ್ಲಿ ಮಂಗಳೂರಿನವರು ಬಡಿಸುವ ಕೋರಿರೊಟ್ಟಿಯಲ್ಲೂ ಈ ಅಕ್ಷರದ ಚರಿತ್ರೆ ಇದೆ.

ಹಲ್ಮಿಡಿಯಿಂದ ಕೇಶಿರಾಜನವರೆಗೆ

ನಮ್ಮ ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದವರು ಮೈಸೂರಿನ ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು, 1936ರಲ್ಲಿ. ಅದರ ಕಾಲ ಸುಮಾರು ಕ್ರಿ.ಶ. 450 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಅರಸನಿಗೆ ಊರುಗಳನ್ನು ದತ್ತಿಯಾಗಿ ಕೊಟ್ಟ ವಿಷಯ ಅದರಲ್ಲಿದೆ. ಆ ದತ್ತಿಯ ಹೆಸರು 'ಬಾಳ್ಗೞ್ಚು', ಅಂದರೆ ಕತ್ತಿ ತೊಳೆಯುವುದು. ಒಂದೇ ಪದದಲ್ಲಿ ಮೊದಲು ಳ್, ಆಮೇಲೆ ೞ್. ಕಲ್ಲು ಕೆತ್ತಿದವನಿಗೆ ಇವೆರಡೂ ಬೇರೆ ಎಂಬುದು ಗೊತ್ತಿತ್ತು. ತಾಲ್ಮುದ್‌ನ ಆ ಎಚ್ಚರಿಕೆಯೂ ಹೆಚ್ಚುಕಡಿಮೆ ಇದೇ ಕಾಲಮಾನದ್ದು ಎಂಬುದು ನನಗೆ ವಿಸ್ಮಯದ ಸಂಗತಿ.

ಕ್ರಿ.ಶ. 941ರ ಪಂಪನ ಕಾವ್ಯದಲ್ಲಿ ೞ ಇದೆ. ಆದರೆ ಕಾಲ ಕಳೆದಂತೆ ಜನರ ಬಾಯಲ್ಲಿ ಅದು ಕರಗಿತು. ಸ್ವರದ ಮುಂದೆ ಹೆಚ್ಚಾಗಿ ಳ ಆಯಿತು: ಮೞೆ ಮಳೆಯಾಯಿತು, ಬಾೞೆ ಬಾಳೆಯಾಯಿತು. ವ್ಯಂಜನದ ಮುಂದೆ ಹಲವು ಕಡೆ ರ್ ಆಗಿ, ಆಮೇಲೆ ಪಕ್ಕದ ಅಕ್ಷರದಲ್ಲೇ ಸೇರಿಹೋಯಿತು. ಸುಮಾರು 1260ರ ಹೊತ್ತಿಗೆ ಕೇಶಿರಾಜ ತನ್ನ ವ್ಯಾಕರಣವನ್ನು ಬರೆದಾಗ ರಳ, ಕುಳ, ಕ್ಷಳ ಎಂಬ ಮೂರನ್ನು ಬಿಡಿಸಿ ಹೇಳಬೇಕಾಯಿತು. ರಳ ಎಂದರೆ ೞ, ಕುಳ ಎಂದರೆ ಕನ್ನಡದ್ದೇ ಆದ ಳ, ಕ್ಷಳ ಎಂದರೆ ಕಮಲ ಕಮಳವಾದಂತೆ ಸಂಸ್ಕೃತದ ಲ ಬದಲಾಗಿ ಬಂದ ಳ. ಯಾವ ಯಾವ ಪದಗಳಲ್ಲಿ ರಳ ಬರುತ್ತದೆಂದು ಪಟ್ಟಿಯನ್ನೇ ಕೊಟ್ಟ. ಕನ್ನಡದ 47 ಅಕ್ಷರಗಳ 'ಶುದ್ಧಗೆ'ಯಲ್ಲಿ ೞ ಅನ್ನು ಸೇರಿಸಿದ. ಎಲ್ಲರಿಗೂ ಗೊತ್ತಿರುವುದರ ಪಟ್ಟಿಯನ್ನು ಯಾರೂ ಮಾಡುವುದಿಲ್ಲ. ದ್ವಿತೀಯಾಕ್ಷರ ಪ್ರಾಸದಲ್ಲಿ ಒಂದೇ ವ್ಯಂಜನ ಬರಬೇಕು. ೞ ಜಾಗಕ್ಕೆ ಳ ಬಂದರೆ ಪ್ರಾಸ ಕೆಡುತ್ತದೆ. ಕಿವಿ ನೆರವಾಗದೆ ಹೋದಾಗ ಕವಿಗೆ ಪಟ್ಟಿಯೇ ಗತಿ.

ಬೇತ್ ಶೆಆನ್ ಊರಿನವರನ್ನು ತಡೆದ ರಬ್ಬಿಗಳೂ ನಮ್ಮ ಕೇಶಿರಾಜನೂ ಎದುರಿಸಿದ್ದು ಒಂದೇ ತೊಂದರೆಯನ್ನು. ಪರಿಣಾಮ ಮಾತ್ರ ಬೇರೆಯಾಯಿತು. ಅಲ್ಲಿ ಅಕ್ಷರ ಉಳಿಯಿತು. ಇಲ್ಲಿ ಧ್ವನಿಯ ಹಿಂದೆಯೇ ಅಕ್ಷರವೂ ಹೋಯಿತು. ಅದರ ಜೊತೆಗಾರ ಱ, ಅಂದರೆ ಶಕಟರೇಫ, ಇನ್ನಷ್ಟು ಕಾಲ ಉಳಿದಿದ್ದು ಆಮೇಲೆ ಮರೆಯಾಯಿತು. 1872ರಲ್ಲಿ ಮಂಗಳೂರಿನಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ ಅಚ್ಚು ಹಾಕಿಸಿದ ಕಿಟೆಲ್ ಅವರು 1894ರ ತಮ್ಮ ನಿಘಂಟಿನಲ್ಲೂ ೞ ಇರುವ ಹಳೆಯ ರೂಪಗಳನ್ನು ಗುರುತಿಸಿದ್ದರಿಂದ ನಮ್ಮಂಥವರಿಗೆ ಇಂದು ಹುಡುಕಲು ದಾರಿಯಿದೆ.

ಹೀಗೇಕಾಯಿತು? ನನಗೆ ತೋರುವುದು ಇಷ್ಟು. ಹೀಬ್ರೂವಿಗೆ ಒಂದಕ್ಷರವೂ ಬದಲಾಗಬಾರದ ಗ್ರಂಥವೊಂದು ನಡುವೆ ನಿಂತಿತ್ತು. ಕನ್ನಡ ಜನರ ನಾಲಿಗೆಯನ್ನು ಹಿಂಬಾಲಿಸಿತು. ಅದರಿಂದ ನಮಗೆ ಲಾಭವೂ ಆಗಿದೆ. ಬಹುಮಟ್ಟಿಗೆ ಆಡಿದಂತೆ ಬರೆಯುವ ಭಾಷೆ ನಮ್ಮದು. ಇಂಗ್ಲಿಷಿನ ಉಚ್ಚಾರವಿಲ್ಲದ ಅಕ್ಷರಗಳ ಜೊತೆ ಇಲ್ಲಿನ ಮಕ್ಕಳು ಪಡುವ ಪಾಡು ನಮ್ಮ ಮಕ್ಕಳಿಗಿಲ್ಲ. ೞ ಹೋದದ್ದರಿಂದ ಕನ್ನಡವೇನೂ ಬಡವಾಗಲಿಲ್ಲ, ವಚನಗಳೂ ಕೀರ್ತನೆಗಳೂ ಬಂದವು.

ಆದರೆ ಹೋದ ಅಕ್ಷರ ಗಾಯದ ಕಲೆಯನ್ನು ಬಿಟ್ಟುಹೋಗಿದೆ. 'ಹೇಳು' ಎಂಬುದು 'ಹೇಳಿದ' ಆದರೆ, 'ಬೀಳು' ಏಕೆ 'ಬಿದ್ದ' ಆಗುತ್ತದೆ? 'ಏಳು' ಏಕೆ 'ಎದ್ದ', 'ಅಳು' ಏಕೆ 'ಅತ್ತ', 'ಉಳು' ಏಕೆ 'ಉತ್ತ'? ಈ ನಾಲ್ಕರಲ್ಲೂ ಹಿಂದೆ ೞ ಇತ್ತು. ಬಿೞ್ದ, ಬಿರ್ದ, ಬಿದ್ದ: ಹೆಜ್ಜೆಗಳು ಹೀಗಿವೆ. ('ಹೇಳು' ಕೂಡ ಮೊದಲು 'ಪೇೞ್', ಅದು ಮಾತ್ರ ಬೇರೆ ದಾರಿ ಹಿಡಿಯಿತು.) ಏಳು ಎಂಬ ಅಂಕಿಯಲ್ಲೂ ಅದೇ ಅಕ್ಷರ. ಎೞ್ಪತ್ತು ಎಂಬುದು ಎರ್ಪತ್ತಾಗಿ ಎಪ್ಪತ್ತಾಯಿತು. ಅಯಿನ್‌ನ ಬೆಲೆಯೂ ಎಪ್ಪತ್ತೇ ಎಂಬುದು ಬರಿ ಕಾಕತಾಳೀಯ, ಆದರೂ ಓದಿದಾಗ ಖುಷಿಯಾಯಿತು.

ನನ್ನ ಮೊಮ್ಮಗಳು ಒಮ್ಮೆ ಪಕ್ಕದ ಮನೆಯ ಕೂಸಿನ ಬಗ್ಗೆ "ಪಾಪು ತುಂಬಾ ಅಳಿತು" ಎಂದಾಗ ನನ್ನಾಕೆ ಬೆಚ್ಚಿದ್ದಳು. ಮಗು ಅತ್ತಿತು ಎನ್ನಲು ಹೋಗಿ ಅಳಿಯಿತು ಎಂದಿದ್ದಳು. ಅವಳ ತರ್ಕ ಸರಿಯಾಗಿಯೇ ಇತ್ತು. ಏಳುನೂರು ವರ್ಷಕ್ಕೂ ಹಿಂದೆ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ, ಅಷ್ಟೆ.

ನಮ್ಮೂರಲ್ಲೇ ಆದ ಒಂದು ತಪ್ಪು

ಈ ಕಥೆಗೆ ನಾವಿರುವ ಬೇ ಏರಿಯಾದ ಒಂದು ಅಧ್ಯಾಯವೂ ಇದೆ. ಪ್ರಪಂಚದ ಎಲ್ಲ ಲಿಪಿಗಳನ್ನೂ ಕಂಪ್ಯೂಟರಿನಲ್ಲಿ ಒಂದೇ ಪದ್ಧತಿಗೆ ತರುವ ಯೂನಿಕೋಡ್ ಯೋಜನೆ ಮೊಳೆತದ್ದು ಇಲ್ಲೇ, ಜೆರಾಕ್ಸ್ ಮತ್ತು ಆಪಲ್ ಕಂಪನಿಗಳ ಎಂಜಿನಿಯರುಗಳ ನಡುವೆ, 1980ರ ದಶಕದ ಕೊನೆಯಲ್ಲಿ. ಜೆರಾಕ್ಸ್‌ನ ಜೋ ಬೆಕರ್ ಮೊದಲ ಕರಡನ್ನು 1988ರಲ್ಲಿ ಬರೆದರು. 1991ರ ಜನವರಿಯಲ್ಲಿ ಯೂನಿಕೋಡ್ ಒಕ್ಕೂಟ ಕ್ಯಾಲಿಫೋರ್ನಿಯಾದಲ್ಲಿ ನೋಂದಣಿಯಾಯಿತು.

ಆ ಪಟ್ಟಿಯಲ್ಲಿ ನಮ್ಮ ೞ ಇದೆ. ಆದರೆ ಅದಕ್ಕೆ ಇಟ್ಟಿರುವ ಹೆಸರು 'ಕನ್ನಡ ಲೆಟರ್ ಫ'! ಫ್ಯಾನಿನ ಫ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಬದಲಿಸಿದರೆ ಆ ಹೆಸರನ್ನು ನಂಬಿದ ತಂತ್ರಾಂಶಗಳು ಕೆಡುತ್ತವೆ. ಹಾಗಾಗಿ ಇಂದಿಗೂ ಅಧಿಕೃತ ಹೆಸರು ಅದೇ. ಪಕ್ಕದಲ್ಲಿ ಈ ಹೆಸರು ತಪ್ಪು ಎಂಬ ಟಿಪ್ಪಣಿ ಇದೆ, ತಿದ್ದುಪಡಿಯಾಗಿ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ತಪ್ಪು ದಾಖಲಾದ ಕೇಸ್ ಶೀಟನ್ನು ಅಳಿಸದೆ, ಕೆಳಗೆ ತಿದ್ದುಪಡಿ ಬರೆದು ಸಹಿ ಹಾಕುವುದು ನಮ್ಮ ವೃತ್ತಿಯಲ್ಲೂ ರೂಢಿ. ಆದ್ದರಿಂದ ನನಗೆ ಇದರ ಮೇಲೆ ಕೋಪವಿಲ್ಲ. ಆದರೆ ಒಂದು ಮಾತು ಮನಸ್ಸಿಗೆ ಬಂತು: ಆಡುವವರೇ ಮರೆತ ಅಕ್ಷರಕ್ಕೆ ಹೊರಗಿನವರು ಸರಿಯಾದ ಹೆಸರಿಡಲಿ ಎಂದು ಕಾಯುವುದು ಹೇಗೆ? ಸಮಾಧಾನದ ಸಂಗತಿಯೆಂದರೆ, ಹಳಗನ್ನಡದ 'ನಕಾರಪೊಲ್ಲು' ಎಂಬ ಇನ್ನೊಂದು ಅಕ್ಷರ 2021ರಲ್ಲಿ ತನ್ನ ಸ್ವಂತ ಹೆಸರಿನಿಂದಲೇ ಯೂನಿಕೋಡ್ ಸೇರಿತು.

ಈಗ ಹೊರಟಿರುವುದು ಯಾವ ಅಕ್ಷರ?

ಹಲ್ಲಿ ಮತ್ತು ಹಳ್ಳಿಗೆ ಮರಳೋಣ. ನಮ್ಮ ಮಕ್ಕಳ, ಮೊಮ್ಮಕ್ಕಳ ಬಾಯಲ್ಲಿ ಈಗ ಸಡಿಲವಾಗುತ್ತಿರುವುದು ಳ ಮತ್ತು ಣ. ಬಾಳೆ ಬಾಲೆಯಾಗುತ್ತದೆ, ಹಣ್ಣು ಹನ್ನಾಗುತ್ತದೆ. ಹಿಂದೆ ೞ ಅನ್ನು ನುಂಗಿದ ಳ ಈಗ ತಾನೇ ಲದ ಹೊಟ್ಟೆ ಸೇರುತ್ತಿದೆ. ಕರ್ನಾಟಕದಲ್ಲಿ ಅದು ಗಟ್ಟಿಯಾಗಿದೆ, ಭಯವಿಲ್ಲ. ನಾನು ಹೇಳುತ್ತಿರುವುದು ನಮ್ಮ ಮನೆಗಳ ಮಾತು.

ನಮ್ಮಲ್ಲಿ ಅನೇಕರು ಹೇಳುತ್ತಾರೆ: "ಮಕ್ಕಳು ಕನ್ನಡ ಮಾತಾಡಿದರೆ ಸಾಕು, ಓದು-ಬರಹ ಯಾಕೆ ಬೇಕು?" ಕೆಲ ವರ್ಷಗಳ ಹಿಂದೆ ನಾನೂ ಹಾಗೆ ಹೇಳಿದವನೇ. ನಾವು ದೊಡ್ಡವರೂ ವಾಟ್ಸಾಪಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತುತ್ತೇವೆ. ಅಲ್ಲಿ ಹಲ್ಲಿ, ಹಳ್ಳಿ ಎರಡೂ ಒಂದೇ ಆಗಿ ಕಾಣುತ್ತವೆ. ಬಲೆ, ಬಳೆ, ಬಾಲೆ, ಬಾಳೆ ನಾಲ್ಕೂ ಒಂದೇ. ಭೇದ ಗೊತ್ತಿರುವ ನಮಗೆ ಇದು ತೊಂದರೆಯಲ್ಲ, ಕಣ್ಣು ಓದಿದ್ದನ್ನು ಮನಸ್ಸು ತಿದ್ದಿಕೊಳ್ಳುತ್ತದೆ. ಆದರೆ ಕಿವಿಯಿಂದ ಭೇದ ಸಿಗದ ಮಗುವಿಗೆ ಬರವಣಿಗೆಯಲ್ಲೂ ಸಿಗದೆ ಹೋದರೆ, ಆ ಭೇದ ಇದೆಯೆಂಬುದೇ ಅದಕ್ಕೆ ತಿಳಿಯುವ ದಾರಿಯಿಲ್ಲ.

ಅಯಿನ್ ನನಗೆ ಕಲಿಸಿದ್ದು ಇದನ್ನೇ. ಧ್ವನಿ ಹೋದರೂ ಅಕ್ಷರವಿದ್ದರೆ ಪದ ತನ್ನ ಗುರುತನ್ನು ಕಳೆದುಕೊಳ್ಳುವುದಿಲ್ಲ. ಉಚ್ಚಾರ ಕೆಟ್ಟಿತೆಂದು ಮಕ್ಕಳನ್ನು ನಗೆಪಾಟಲು ಮಾಡುವುದನ್ನು ಬಿಟ್ಟು, ಅಕ್ಷರವನ್ನು ಅವರ ಕೈಗೆ ಕೊಡುವುದು ನಮ್ಮಿಂದ ಆಗುವ ಕೆಲಸ.

ಒಂದು ತಮಾಷೆ ಹೇಳಿ ಮುಗಿಸುತ್ತೇನೆ. ಮೊನ್ನೆ ಮೊಮ್ಮಗಳಿಗೆ ಅಣ್ಣನ ಪುಸ್ತಕ ತೋರಿಸಿ, ೞ ಬರೆಸಿ, ಹೇಳಿಕೊಡಲು ಹೋದೆ. ನನಗೇ ಅದು ನೆಟ್ಟಗೆ ಬಾರದು. ಅವಳು ಒಂದೇ ಸಲಕ್ಕೆ ಹೇಳಿಬಿಟ್ಟಳು! ಅಮೆರಿಕನ್ನರು ಇಂಗ್ಲಿಷಿನ 'ರ' ನುಡಿಯುವಾಗ ನಾಲಿಗೆ ಅಂಗುಳನ್ನು ಮುಟ್ಟುವುದಿಲ್ಲ. ಅವರ ಆ ಧ್ವನಿ ನಮ್ಮ ರಳಕ್ಕೆ ತೀರ ಹತ್ತಿರದ ನೆಂಟ. ಅಣ್ಣ ಜಗಲಿಯಲ್ಲಿ ನನಗೆ ಹೇಳಿಕೊಡಲು ಹೊರಟಿದ್ದ ಧ್ವನಿಯನ್ನು ಫ್ರೀಮಾಂಟ್‌ನಲ್ಲಿ ಹುಟ್ಟಿದ ಅವರ ಮರಿಮಗಳು ಸಲೀಸಾಗಿ ನುಡಿದಳು.

ಈ ಲೇಖನದ ಶೀರ್ಷಿಕೆಯನ್ನೂ ಅವಳಿಗೆ ತೋರಿಸಿದೆ. ಹಿಂದಿನ ಕಾಲದಲ್ಲಿ ಉಳಿ ಎಂಬುದು 'ಉೞಿ', ಅಳಿ ಎಂಬುದು 'ಅೞಿ'. ಎರಡರಲ್ಲೂ ಆ ಅಕ್ಷರವೇ ಇತ್ತು.

ನಮ್ಮ ಬೇಸಿಗೆಯ ಟಿಕೆಟ್ ಆಗಿದೆ. ಹೆಂಚಿನ ಮನೆ, ತೆಂಗಿನ ಮರ, ಒಂದು ಹಸು ಇರುವ ಚಿತ್ರ ಬರೆದು, ಕೆಳಗೆ ಅವಳೇ ಬರೆದಿದ್ದಾಳೆ: 'ತಾತನ ಹಳ್ಳಿ'. ಓದು ಎಂದೆ. "ತಾತನ ಹಲ್ಲಿ" ಎಂದು ಓದಿದಳು.

ನಾನು ತಿದ್ದಲಿಲ್ಲ. ಬರೆದದ್ದು ಸರಿಯಾಗಿತ್ತು.